ವಲೆಟ್ಟಾದಲ್ಲಿ ಹಡಗು ನಿಲ್ಲೋದು ಒಂಬತ್ತು ಗಂಟೆ, ಅಪ್ಪ ನಡೆಯೋದು ಇನ್ನೂರು ಮೀಟರ್

ಅಪ್ಪನಮಗಳು:

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಬರೀ ಓದ್ತಿದ್ದೆ, ಈಗ ನನ್ನದೇ ಒಂದು ತಲೆನೋವು ಹೊತ್ಕೊಂಡು ಬಂದಿದ್ದೀನಿ.

ಮುಂದಿನ ತಿಂಗಳು ಅಪ್ಪ, ಅಮ್ಮ, ನಾನು ಮೆಡಿಟರೇನಿಯನ್ ಕ್ರೂಸ್‌ಗೆ ಹೊರಟಿದ್ದೀವಿ. ಬೇರೆ ಬಂದರುಗಳಲ್ಲಿ ಹಡಗಿನಲ್ಲೇ ಇರ್ತೀನಿ ಅಂತ ಅಪ್ಪ ಮೊದಲೇ ಹೇಳಿಬಿಟ್ಟಿದ್ದಾರೆ, ಕೈಲಿ ಪುಸ್ತಕ ಇದ್ದರೆ ಅವರಿಗೆ ಸಾಕು. ಮಾಲ್ಟಾ ಒಂದನ್ನ ಮಾತ್ರ ಬಿಡೋ ಹಾಗಿಲ್ಲ. ಹೈಸ್ಕೂಲಲ್ಲಿ ಚರಿತ್ರೆ ಪಾಠ ಮಾಡಿದವರು. 1565ರಲ್ಲಿ ತುರ್ಕರು ಮಾಲ್ಟಾಗೆ ಹಾಕಿದ ಮುತ್ತಿಗೆ ಅಂದರೆ ಪಕ್ಕದ ಬೀದೀಲಿ ಮೊನ್ನೆ ನಡೆದ ಜಗಳದ ಹಾಗೆ ಹೇಳ್ತಾರೆ. ಈ ಪ್ರವಾಸಕ್ಕೆ ಒಪ್ಪಿದ್ದೇ ಆ ಒಂದು ದಿನಕ್ಕಾಗಿ.

ಅವರಿಗೆ ಈಗ 74. ಬಲಗಡೆ ಸೊಂಟದ ಕೀಲು ಸವೆದಿದೆ. ಕೋಲು ಹಿಡಿದು ಸಮನೆಲದಲ್ಲಿ ಇನ್ನೂರು ಮೀಟರ್ ನಡೀತಾರೆ, ಆಮೇಲೆ ಹತ್ತು ನಿಮಿಷ ಕೂರಲೇಬೇಕು. ಕಂಬಿ ಇದ್ದರೆ ಹತ್ತು ಹನ್ನೆರಡು ಮೆಟ್ಟಿಲು ಹತ್ತಬಲ್ಲರು, ಇಳಿಯೋದೇ ಕಷ್ಟ. ವೀಲ್‌ಚೇರ್ ಅಂತ ಬಾಯಿ ಬಿಟ್ಟರೆ "ಇನ್ನೂ ಅಷ್ಟು ದೂರ ಬಂದಿಲ್ಲ ಕಣೇ" ಅಂತ ಮುಖ ತಿರುಗಿಸ್ತಾರೆ.

ಹಡಗು ಬೆಳಗ್ಗೆ ಎಂಟಕ್ಕೆ ಮಾಲ್ಟಾದ ರಾಜಧಾನಿ ವಲೆಟ್ಟಾ ತಲುಪಿ ಸಂಜೆ ಐದಕ್ಕೆ ಹೊರಡುತ್ತೆ. ಊರಿನ ಫೋಟೋ ನೋಡಿದರೆ ಎಲ್ಲಿ ನೋಡಿದರೂ ಮೆಟ್ಟಿಲು, ಮೆಟ್ಟಿಲು, ಮೆಟ್ಟಿಲು. ಹೋಗಿ ಬಂದವರು ಯಾರಾದರೂ ಇದ್ದರೆ ನಿಜ ಹೇಳಿ: ಕರ್ಕೊಂಡು ಹೋಗಬಹುದಾ, ಇಲ್ಲಾ ಬಾಲ್ಕನಿಯಿಂದಲೇ ತೋರಿಸಿ ಸಮಾಧಾನ ಮಾಡಲಾ?

ಹಾಯಿಪಟ:

ಅಯ್ಯೋ, ಇದಕ್ಕೆಲ್ಲ ಯಾಕೆ ಚಿಂತೆ! ವಲೆಟ್ಟಾದಷ್ಟು ಸುಲಭದ ಬಂದರು ಇನ್ನೊಂದಿಲ್ಲ. ಹಡಗು ಊರಿನ ಬುಡಕ್ಕೇ ಬಂದು ನಿಲ್ಲುತ್ತೆ. ಇಳಿದು ನೀರಿನಂಚಲ್ಲೇ ಹತ್ತು ನಿಮಿಷ ನಡೆದರೆ ಬರಾಕ್ಕಾ ಲಿಫ್ಟ್. 58 ಮೀಟರ್ ಎತ್ತರ, ಅರ್ಧ ನಿಮಿಷದೊಳಗೆ ಕೋಟೆಯ ನೆತ್ತಿ ಮೇಲಿರ್ತೀರಿ. ಅಲ್ಲಿಂದ ರಿಪಬ್ಲಿಕ್ ಸ್ಟ್ರೀಟ್ ಹಿಡಿದು ನೆಟ್ಟಗೆ ಸೇಂಟ್ ಎಲ್ಮೋ ಕೋಟೆವರೆಗೆ ಹೋಗಿ, ಒಂದು ಕಿಲೋಮೀಟರ್ ಆಸುಪಾಸು ಅಷ್ಟೇ. ಮುತ್ತಿಗೆ ಇಷ್ಟಪಡೋರು ಆ ಕೋಟೆ ನೋಡದೆ ಬರಬಾರದು. ವಾಪಸ್ ಬರುವಾಗ ದ್‌ಘೈಸಾ ಅಂತ ಬಣ್ಣಬಣ್ಣದ ದೋಣಿ ಇರುತ್ತೆ, ಅದರಲ್ಲಿ ಎದುರು ದಡಕ್ಕೂ ಒಂದು ಸುತ್ತು ಹಾಕಿ. ನಾವು ಅರ್ಧ ದಿನದಲ್ಲಿ ಎಲ್ಲಾ ಮುಗಿಸಿದ್ವಿ.

ಊರುಗೋಲಕ್ಕ:

ಹಾಯಿಪಟ ಅವರೇ, ಬೇಜಾರು ಮಾಡ್ಕೋಬೇಡಿ. ನೀವು ಹೇಳಿದ್ದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಆ ಹತ್ತು ನಿಮಿಷ ಯಾರ ಕಾಲಿನ ಹತ್ತು ನಿಮಿಷ?

ನೋಡಮ್ಮ, ನನಗೆ ಮೂರನೇ ವಯಸ್ಸಿನಿಂದ ಎಡಗಾಲಿಗೆ ಪೋಲಿಯೋ. ಕ್ಯಾಲಿಪರ್ ಹಾಕಿ, ಕೋಲು ಹಿಡಿದು ಓಡಾಡೋಳು. ಈಗ ಅರವತ್ತೊಂದು. ವಲೆಟ್ಟಾಗೆ ತಂಗಿ ಜೊತೆ ಹೋಗಿದ್ದೆ, ಅದೂ ಹಡಗಿನಲ್ಲೇ. ತಪ್ಪುಗಳನ್ನೆಲ್ಲ ನಾನೇ ಮಾಡಿ ಮುಗಿಸಿದ್ದೀನಿ, ನೀವು ಹೊಸದು ಮಾಡಿ.

ಮೊದಲು ನಡಿಗೆಯ ಲೆಕ್ಕ. ನಿಮ್ಮ ಅಪ್ಪನ ಹತ್ತಿರ ಇನ್ನೂರು ಮೀಟರ್ ಇದೆ. ಅದರಲ್ಲಿ ಎಷ್ಟನ್ನ ಹಡಗೇ ತಿನ್ನುತ್ತೆ ಗೊತ್ತಾ? ದೊಡ್ಡ ಹಡಗುಗಳು ಮುನ್ನೂರು ಮೀಟರ್ ಉದ್ದ ಇರ್ತವೆ. ಕೋಣೆ ಒಂದು ತುದೀಲಿ, ಇಳಿಯೋ ಬಾಗಿಲು ಇನ್ನೊಂದು ತುದೀಲಿ ಆದರೆ ನೆಲ ಮುಟ್ಟೋ ಹೊತ್ತಿಗೆ ಅಪ್ಪನ ಚೀಲ ಖಾಲಿ. ಆಮೇಲೆ ಗ್ಯಾಂಗ್‌ವೇ, ಅಂದರೆ ಹಡಗಿನಿಂದ ದಡಕ್ಕೆ ಹಾಕೋ ಇಳಿದಾರಿ, ಟರ್ಮಿನಲ್, ಗೇಟು. ಅದಾದ ಮೇಲೆ ಲಿಫ್ಟಿನವರೆಗೆ ಇವರು ಹೇಳೋ "ಹತ್ತು ನಿಮಿಷ", ಅಂದರೆ ನಿಮ್ಮ ಅಪ್ಪನಿಗೆ ಮೂರು ನಾಲ್ಕು ಕಂತು. ವಾಹನ ಓಡಾಡೋ ರಸ್ತೆ ಬೇರೆ ದಾಟಬೇಕು. ಲಿಫ್ಟ್ ಚೆನ್ನಾಗಿದೆ, ಅದರ ತಪ್ಪೇನಿಲ್ಲ. 1905ರಲ್ಲೇ ಅಲ್ಲೊಂದು ಲಿಫ್ಟ್ ಹಾಕಿದ್ದರು, ಅದು ನಿಂತುಹೋಗಿ, ಕಿತ್ತುಹಾಕಿ, 2012ರ ಕೊನೆಗೆ ಈಗಿನದು ಶುರುವಾಯ್ತು. ಆದರೆ ಅದು ಮೆಟ್ಟಿಲನ್ನ ಉಳಿಸುತ್ತೆ, ನಡಿಗೆಯನ್ನ ಉಳಿಸಲ್ಲ. ಈ ವ್ಯತ್ಯಾಸ ಕಾಲು ನೆಟ್ಟಗಿರೋರಿಗೆ ಹೊಳೆಯಲ್ಲ.

ಅದಕ್ಕೇ ಹೇಳೋದು, ಟರ್ಮಿನಲ್ ಬಾಗಿಲಲ್ಲೇ ಟ್ಯಾಕ್ಸಿ ಹತ್ತಿ. "ಕ್ಯಾಸ್ಟಿಲ್ ಸ್ಕ್ವೇರ್, ಅಪ್ಪರ್ ಬರಾಕ್ಕಾ ಗಾರ್ಡನ್" ಅನ್ನಿ. ಹತ್ತಿ ಕೂತು ಸರಿಯಾಗಿ ಉಸಿರು ಬಿಡೋದರೊಳಗೆ ಮೇಲೆ ಇಳಿಸ್ತಾರೆ. ಅಲ್ಲಿಂದ ತೋಟದ ಗೇಟು ಕೂಗಳತೆ ದೂರ. ಇಷ್ಟು ಹತ್ತಿರಕ್ಕೆ ದುಡ್ಡು ದಂಡ ಅಂತ ಅನಿಸುತ್ತೆ, ನನಗೂ ಅನಿಸಿತ್ತು. ಅಪ್ಪನ ಕಾಲು ಕೊಡೋ ಬೆಲೆಯ ಮುಂದೆ ಅದೇನೂ ಅಲ್ಲ.

ಈಗ ಮುತ್ತಿಗೆ ವಿಷಯ. ನಿಮ್ಮ ಅಪ್ಪನಿಗೆ ಇದು ಗೊತ್ತೇ ಇರುತ್ತೆ, ನಿಮಗೋಸ್ಕರ ಹೇಳ್ತೀನಿ: ಮುತ್ತಿಗೆ ನಡೆದಾಗ ವಲೆಟ್ಟಾ ಅನ್ನೋ ಊರೇ ಇರಲಿಲ್ಲ. ಬೋಳು ಗುಡ್ಡ, ಅದರ ತುದೀಲಿ ಸೇಂಟ್ ಎಲ್ಮೋ ಕೋಟೆ ಒಂದೇ. ಆಗ ಮಾಲ್ಟಾ ಆಳ್ತಿದ್ದ ಕ್ರೈಸ್ತ ಯೋಧರಾದ ನೈಟ್‌ಗಳ ನೆಲೆಯೆಲ್ಲ ಎದುರು ದಡದ ಬಿರ್ಗುವಿನಲ್ಲಿ, ಸೇಂಟ್ ಆಂಜೆಲೋ ಕೋಟೆಯಲ್ಲಿ. ಎಲ್ಮೋ ಜೂನ್ 23ಕ್ಕೆ ಬಿತ್ತು, ಸೆಪ್ಟೆಂಬರ್ ಮೊದಲ ವಾರ ಕಳೆಯೋ ಹೊತ್ತಿಗೆ ತುರ್ಕರು ಮುತ್ತಿಗೆ ಎತ್ತಿ ಹೊರಟರು. ಊರು ಕಟ್ಟೋಕೆ ಶುರು ಮಾಡಿದ್ದು ಮರುವರ್ಷ, 1566ರಲ್ಲಿ. ಅಂದಮೇಲೆ ನಿಮ್ಮ ಅಪ್ಪ ನೋಡಬೇಕಾಗಿರೋದು ವಲೆಟ್ಟಾದ ಬೀದಿಗಳನ್ನಲ್ಲ, ವಲೆಟ್ಟಾದಿಂದ ಕಾಣೋದನ್ನ. ಆ ತೋಟದ ಕಮಾನುಗಳ ಹತ್ತಿರ ನಿಂತರೆ ಇಡೀ ಗ್ರ್ಯಾಂಡ್ ಹಾರ್ಬರ್ ಬಟ್ಟಲಿನ ಹಾಗೆ ಕೆಳಗೆ. ನೇರ ಎದುರಿಗೆ ಸೇಂಟ್ ಆಂಜೆಲೋ, ಅದರ ಬಲಕ್ಕೆ ಸೆಂಗ್ಲಿಯಾ. ಕೂರೋಕೆ ಬೆಂಚಿದೆ. ಯುದ್ಧದ ರಂಗಮಂಟಪವನ್ನೇ ಕೂತು ನೋಡಬಹುದು.

ಸೇಂಟ್ ಎಲ್ಮೋ? ಅದನ್ನ ಹಡಗಿನಿಂದಲೇ ತೋರಿಸಿ. ಹಡಗು ಬಂದರಿನೊಳಗೆ ನುಗ್ಗುವಾಗ ಬಲಗಡೆ ಮೊದಲು ಸಿಗೋದೇ ಅದು, ಎಡಗಡೆ ರಿಕಾಸೋಲಿ ಕೋಟೆ. ಎಂಟಕ್ಕೆ ಕಟ್ಟೋ ಹಡಗು ಏಳರ ಸುಮಾರಿಗೆ ಒಳಗೆ ಬರುತ್ತೆ. ಆರೂವರೆಗೆ ಅಪ್ಪನ್ನ ಎಬ್ಬಿಸಿ, ಮೇಲಿನ ಡೆಕ್ಕಿನಲ್ಲಿ ಬಲಗಡೆ ಕುರ್ಚಿ ಹಾಕಿ ಕೂರಿಸಿ. ಬಾಲ್ಕನಿ ಎಡಗಡೆದಾದರೆ ಅದನ್ನ ನಂಬಿ ಕೂರಬೇಡಿ. ಎಳೆ ಬಿಸಿಲು ಆ ಸುಣ್ಣಕಲ್ಲಿನ ಗೋಡೆ ಮೇಲೆ ಬಿದ್ದಾಗ ಕಲ್ಲು ಜೇನಿನ ಬಣ್ಣಕ್ಕೆ ತಿರುಗುತ್ತೆ. ಇಡೀ ಪ್ರವಾಸದಲ್ಲಿ ನಾನು ಒಂದು ಹೆಜ್ಜೆಯೂ ಇಡದೆ ನೋಡಿದ ಅತಿ ಚಂದದ ನೋಟ ಅದು. ನನ್ನ ತಂಗಿ ನಿದ್ದೆ ಮಾಡ್ತಿದ್ದಳು, ಇವತ್ತಿಗೂ ಒಪ್ಪಲ್ಲ.

ರಿಪಬ್ಲಿಕ್ ಸ್ಟ್ರೀಟ್ ಹಿಡಿದು ಎಲ್ಮೋವರೆಗೆ ಮಾತ್ರ ಹೋಗಬೇಡಿ. ಗುಡ್ಡದ ಬೆನ್ನ ಮೇಲೆ ಹೋಗೋ ಬೀದಿ ಅದು. ಸಿಟಿ ಗೇಟಿನಿಂದ ಅರಮನೆ ಎದುರಿನ ಚೌಕದವರೆಗೆ ಹೆಚ್ಚುಕಮ್ಮಿ ಸಮ, ಆಮೇಲೆ ಇಳೀತಾ ಹೋಗುತ್ತೆ. ಇಳಿಯುವಾಗ ಯಾರಿಗೂ ಗೊತ್ತಾಗಲ್ಲ. ಅಲ್ಲಿ ಇಳಿದ ಒಂದೊಂದು ಹೆಜ್ಜೆಯೂ ಸಾಲ, ವಾಪಸ್ ಬರುವಾಗ ಬಡ್ಡಿ ಸಮೇತ ಕಟ್ಟಬೇಕು.

ನಾನು ಕಟ್ಟಿದ ಬಡ್ಡಿ ಕೇಳಿ. ಮರ್ಚೆಂಟ್ಸ್ ಸ್ಟ್ರೀಟಿನಲ್ಲಿದ್ವಿ. ಫೋನಿನ ನಕ್ಷೆ ಬಂದರಿನ ಕಡೆಗೆ ಬರೀ ನಾನೂರು ಮೀಟರ್ ಅಂತ ತೋರಿಸ್ತು. ನಕ್ಷೆಗೆ ಏನು, ಅದು ಊರನ್ನ ಚಪಾತಿ ಥರ ಲಟ್ಟಿಸಿ ಇಟ್ಟಿರುತ್ತೆ. ನಾನು ನಂಬಿ ಅಡ್ಡಬೀದಿಗೆ ತಿರುಗಿದೆ. ಸೇಂಟ್ ಅರ್ಸುಲಾ ಬೀದಿ ಸಿಕ್ತು, ಮೆಟ್ಟಿಲೇ ಮೆಟ್ಟಿಲು. ಆ ಮೆಟ್ಟಿಲುಗಳ ಸ್ವಭಾವ ಬೇರೆ. ಎತ್ತರ ಕಡಿಮೆ, ನೋಡೋಕೆ ಏನೂ ಅಲ್ಲ ಅನಿಸುತ್ತೆ. ಆದರೆ ಒಂದೊಂದು ಮೆಟ್ಟಿಲೂ ಅಗಲ, ಒಂದು ಹೆಜ್ಜೆಗೆ ಜಾಸ್ತಿ, ಎರಡಕ್ಕೆ ಕಮ್ಮಿ. ಸಾಲದ್ದಕ್ಕೆ ಮುಂದಕ್ಕೆ ವಾಲಿದೆ. ಕಲ್ಲಿನ ಅಂಚು ಶತಮಾನಗಳಿಂದ ಸವೆದು ಸೋಪಿನ ಬಿಲ್ಲೆ ಥರ ನುಣುಪು. ಕ್ಯಾಲಿಪರ್ ಕಾಲು ತಾಳ ಹುಡುಕಿಕೊಳ್ಳೋಕೇ ಬಿಡಲಿಲ್ಲ, ಪ್ರತಿ ಮೆಟ್ಟಿಲಿಗೂ ಹೊಸದಾಗಿ ಯೋಚನೆ ಮಾಡಬೇಕು. ನಲವತ್ತು ಇಳಿದ ಮೇಲೆ ಮುಂದಕ್ಕೂ ಆಗದು, ಹಿಂದಕ್ಕೂ ಆಗದು. ಯಾರದೋ ಮನೆ ಹೊಸ್ತಿಲ ಮೇಲೆ ಕೂತುಬಿಟ್ಟೆ. ಕೋಲಿನ ತುದಿ ತಿರುಗಿಸಿ ನೋಡಿದರೆ ರಬ್ಬರು ಒಂದು ಕಡೆ ಪೂರಾ ತೇದು ಒಳಗಿನ ಅಲ್ಯೂಮಿನಿಯಂ ಇಣುಕ್ತಿತ್ತು. ಮೊದಲನೇ ಬಂದರಿನಲ್ಲಿ ಹೊಸದಿತ್ತು ಅದು! ಸಂತೆ ಚೀಲ ಹಿಡಿದು ಹತ್ತಿ ಬರ್ತಿದ್ದ ಒಬ್ಬ ಮುದುಕ ನನ್ನ ಕಾಲು ನೋಡಿ, ಕೋಲು ನೋಡಿ, ಗದ್ದ ಮೇಲಕ್ಕೆತ್ತಿ "ಲಿಫ್ಟ್" ಅಂದ. ಒಂದೇ ಮಾತು. ಇಳಿದ ನಲವತ್ತನ್ನೂ ವಾಪಸ್ ಹತ್ತಿದೆ, ಮುಕ್ಕಾಲು ಗಂಟೆ ಹಿಡೀತು.

ಆ ಊರಲ್ಲಿ ಇಷ್ಟು ಮೆಟ್ಟಿಲು ಯಾಕೆ ಅಂದರೆ, ಲಾಪರೆಲ್ಲಿ ಅನ್ನೋ ಇಂಜಿನಿಯರ್ ಕಾಗದದ ಮೇಲೆ ಚೌಕಾಬಾರದ ಮನೆ ಥರ ನೇರ ಗೆರೆ ಎಳೆದ. ಗುಡ್ಡ ಸಮ ಮಾಡೋ ಯೋಚನೆ ಇತ್ತು. ತುರ್ಕರು ಮತ್ತೆ ಬಂದರೆ ಅನ್ನೋ ಭಯಕ್ಕೆ ಅವಸರ ಬಿತ್ತು, ಗುಡ್ಡ ಹಾಗೇ ಉಳೀತು, ಗೆರೆಯೂ ಹಾಗೇ ಉಳೀತು. ನಾವು ಇವತ್ತು ಹತ್ತಿ ಇಳೀತಿರೋದು ಆ ಅವಸರವನ್ನ.

ಅಪ್ಪನಮಗಳು:

ಅಕ್ಕಾ, ನಿಮ್ಮ ಕಾಲು ಮುಟ್ಟಿ ನಮಸ್ಕಾರ. ಅಪ್ಪನಿಗೆ ಓದಿ ಹೇಳಿದೆ. "ಬೋಳು ಗುಡ್ಡ" ಅಂದ ಕೂಡಲೇ "ಈ ಅಮ್ಮನಿಗೆ ವಿಷಯ ಗೊತ್ತಿದೆ" ಅಂದರು, ಅದು ಅವರ ಬಾಯಲ್ಲಿ ದೊಡ್ಡ ಸರ್ಟಿಫಿಕೇಟು.

ಇನ್ನೂ ಕೆಲವು ಅನುಮಾನ. ಹಡಗಿನವರ ಪಟ್ಟಿಯಲ್ಲಿ "ಸುಲಭ" ಅಂತ ಗುರುತು ಹಾಕಿರೋ ಒಂದು ಬಸ್ ಟೂರ್ ಇದೆ, ಅದಕ್ಕೆ ಸೇರಿಸಿಬಿಡಲಾ? ಗ್ಯಾಂಗ್‌ವೇ ತುಂಬಾ ಕಡಿದಾಗಿರುತ್ತಾ? ಕ್ಯಾಥೆಡ್ರಲ್ ಒಂದನ್ನ ಅಮ್ಮ ನೋಡಬೇಕಂತೆ. ಮತ್ತೆ ಆ ವೀಲ್‌ಚೇರ್ ಕಥೆ... ಅವರನ್ನ ಒಪ್ಪಿಸೋಕೆ ಏನಾದರೂ ಉಪಾಯ ಇದೆಯಾ?

ಊರುಗೋಲಕ್ಕ:

ಒಪ್ಪಿಸೋಕೆ ಹೋಗಬೇಡಿ. ಖಾಲಿ ವೀಲ್‌ಚೇರ್ ಅವರ ಕೈಗೇ ಕೊಡಿ, ಅವರೇ ತಳ್ಳಲಿ.

ತಮಾಷೆ ಅಲ್ಲಮ್ಮ. ಮಡಚೋ ವೀಲ್‌ಚೇರಿನ ಹಿಂದಿನ ಹಿಡಿಕೆ ಎರಡೂ ಕೈಗೆ ಆಸರೆ ಕೊಡುತ್ತೆ, ಒಂದು ಕೋಲಿಗಿಂತ ಎಷ್ಟೋ ಗಟ್ಟಿ. ಸೀಟಿನ ಮೇಲೆ ಅಮ್ಮನ ಬ್ಯಾಗು, ನೀರಿನ ಬಾಟಲಿ, ಸ್ವೆಟರ್ ಎಲ್ಲಾ ಹೇರಿ. ಭಾರ ಇರಬೇಕು, ಇಲ್ಲದಿದ್ದರೆ ಒರಗಿದಾಗ ಹಿಂದಕ್ಕೆ ಮಗುಚುತ್ತೆ. "ಅಪ್ಪಾ, ಸಾಮಾನು ಸ್ವಲ್ಪ ನೀವು ನೋಡ್ಕೊಳ್ಳಿ" ಅನ್ನಿ. ಅವರಿಗೆ ಅದು ಕೆಲಸ, ವೀಲ್‌ಚೇರ್ ಅಲ್ಲ. ಸುಸ್ತಾದಾಗ ಬ್ಯಾಗು ಎತ್ತಿ ತಾವೇ ಕೂರ್ತಾರೆ, ಯಾರೂ ಹೇಳಬೇಕಾಗಿಲ್ಲ. ಇಳಿಜಾರಿನಲ್ಲಿ ಮಾತ್ರ ಅವರ ಕೈಗೆ ಕೊಡಬೇಡಿ, ಗಾಡಿ ಮುಂದಕ್ಕೆ ಓಡಿ ಅವರನ್ನೂ ಎಳ್ಕೊಂಡು ಹೋಗುತ್ತೆ.

ಗಾಡಿ ನಿಮ್ಮದೇ ಇರಲಿ, ಇಲ್ಲಾ ಬಾಡಿಗೆಗೆ ತಗೊಳ್ಳಿ. ಹಡಗಿನಲ್ಲಿರೋ ವೀಲ್‌ಚೇರ್‌ಗಳು ಸಾಮಾನ್ಯವಾಗಿ ಹತ್ತಿಸೋಕೆ ಇಳಿಸೋಕೆ ಅಷ್ಟೇ, ಊರೊಳಗೆ ಒಯ್ಯೋಕೆ ಕೊಡಲ್ಲ. ಮುಂದಿನ ಚಕ್ರ ಎಷ್ಟು ದೊಡ್ಡದಿದ್ದರೆ ಅಷ್ಟು ಒಳ್ಳೇದು, ಪುಟಾಣಿ ಚಕ್ರ ಕಲ್ಲುಹಾಸಿನ ಸಂದಿಗೆ ಸಿಕ್ಕಿ ಗಕ್ಕನೆ ನಿಲ್ಲುತ್ತೆ, ಕೂತವರು ಮುಂದಕ್ಕೆ ಮುಗ್ಗರಿಸ್ತಾರೆ.

ಗ್ಯಾಂಗ್‌ವೇ ಬಗ್ಗೆ ಮಾಲ್ಟಾದಲ್ಲಿ ಭಯ ಬೇಡ. ಮೆಡಿಟರೇನಿಯನ್ನಿನಲ್ಲಿ ಉಬ್ಬರ ಇಳಿತ ಬಲು ಕಮ್ಮಿ, ಹಾಗಾಗಿ ಬೆಳಗ್ಗೆ ಇಳಿಯುವಾಗ ಇದ್ದ ಓರೆಯೇ ಸಂಜೆ ಹತ್ತುವಾಗಲೂ ಇರುತ್ತೆ. ಉಬ್ಬರ ಜಾಸ್ತಿ ಇರೋ ಕಡಲಲ್ಲಿ ಹಾಗಲ್ಲ, ಬೆಳಗ್ಗೆ ಸಪಾಟಾಗಿದ್ದದ್ದು ಮಧ್ಯಾಹ್ನಕ್ಕೆ ಏಣಿ ಆಗಿರುತ್ತೆ. ಓರೆ ಜಾಸ್ತಿ ಇದ್ದರೆ, ಗಾಡಿಯಲ್ಲಿ ಕೂತವರನ್ನ ಹಿಂದುಮುಂದಾಗಿ ಇಳಿಸಬೇಕು, ತಳ್ಳೋರು ಕೆಳಗಡೆ ಇರಬೇಕು. ಹಡಗಿನ ಹುಡುಗರಿಗೆ ಅದು ಗೊತ್ತು, ಅವರ ಕೈಗೇ ಬಿಡಿ. ಇಳಿಯೋಕೆ ಶುರುವಾದ ಮೊದಲ ಅರ್ಧ ಗಂಟೆ ನೂಕುನುಗ್ಗಲು. ತಿಂಡಿ ನಿಧಾನ ತಿಂದು ಒಂಬತ್ತೂವರೆಗೆ ಹೊರಡಿ.

ಇನ್ನು "ಸುಲಭ". ಅದು ಯಾರಿಗೆ ಸುಲಭ ಅಂತ ಕೇಳದೆ ದುಡ್ಡು ಕಟ್ಟಬೇಡಿ. ಬೇರೊಂದು ಬಂದರಿನಲ್ಲಿ ನಾನು ಅಂಥದ್ದೊಂದು ಸುಲಭದ ಟೂರ್ ಹೋಗಿದ್ದೆ. ಬಸ್ಸಿನ ಮೊದಲನೇ ಮೆಟ್ಟಿಲೇ ನನ್ನ ಮಂಡಿ ಎತ್ತರ. ನಡೆಯೋದು ನಿಜಕ್ಕೂ ಕಮ್ಮಿ ಇತ್ತು, ಆದರೆ ಗೈಡ್ ಒಂದು ಬಾಗಿಲ ಎದುರಿಗೆ ಇಪ್ಪತ್ತು ನಿಮಿಷ ಉರಿಬಿಸಿಲಲ್ಲಿ ನಿಲ್ಲಿಸಿ ಕಥೆ ಹೇಳಿದ. ಸೊಂಟ, ಮಂಡಿ ಹೋದವರಿಗೆ ನಡೆಯೋದಕ್ಕಿಂತ ನಿಲ್ಲೋದು ನರಕ ಅನ್ನೋದು ಆ ಪಟ್ಟಿ ಬರೆಯೋರಿಗೆ ಗೊತ್ತೇ ಇಲ್ಲ. ನೀವು ಟೂರ್ ಡೆಸ್ಕಿನಲ್ಲಿ ಕೇಳಬೇಕಾದದ್ದು "ಎಷ್ಟು ದೂರ" ಅಂತ ಅಲ್ಲ, "ಕೂರೋಕೆ ಜಾಗ ಇಲ್ಲದೆ ಒಂದೇ ಸಮ ಎಷ್ಟು ಹೊತ್ತು" ಅಂತ. ಉತ್ತರ ಹೇಳೋಕೆ ತಡವರಿಸಿದರೆ ಬಿಟ್ಟುಬಿಡಿ.

ಮಧ್ಯಾಹ್ನ ಹನ್ನೆರಡಕ್ಕೂ ನಾಲ್ಕಕ್ಕೂ ತೋಟದ ಕೆಳಗಿನ ಸಲ್ಯೂಟಿಂಗ್ ಬ್ಯಾಟರಿಯಲ್ಲಿ ತೋಪು ಹಾರಿಸ್ತಾರೆ. ಅಪ್ಪನಿಗೆ ಇದನ್ನ ತಪ್ಪಿಸಬೇಡಿ. ಕೆಳಗೆ ಇಳಿಯೋದೇನೂ ಬೇಡ, ಮೇಲಿನ ಕಂಬಿಯಿಂದಲೇ ಕಾಣುತ್ತೆ. ಆದರೆ ಹನ್ನೊಂದೂಕಾಲಿಗೇ ಹೋಗಿ ಕಂಬಿ ಹಿಡೀಬೇಕು. ಹನ್ನೊಂದೂ ಮುಕ್ಕಾಲಿಗೆ ಹೋದರೆ ಗಾಡಿಯಲ್ಲಿ ಕೂತವರಿಗೆ ಕಾಣೋದು ಜನರ ಬೆನ್ನು, ಬೆನ್ನುಚೀಲ. ಹಿಯರಿಂಗ್ ಏಡ್ ಇದ್ದರೆ ಆ ಹೊತ್ತಿಗೆ ತೆಗೆಸಿ, ಸದ್ದು ಎದೆಗೇ ಬಡಿಯುತ್ತೆ.

ಅಮ್ಮನ ಕ್ಯಾಥೆಡ್ರಲ್, ಅಂದರೆ ಸೇಂಟ್ ಜಾನ್ಸ್, ತೋಟದಿಂದ ನಾನೂರು ಮೀಟರ್ ಆಸುಪಾಸು. ಅಲ್ಲಿಗೆ ಅಪ್ಪನ್ನ ಗಾಡಿಯಲ್ಲೇ ಕರೆದೊಯ್ಯಿರಿ. ನಿಮ್ಮ ಹಡಗು ಬರೋದು ಭಾನುವಾರನಾ ನೋಡ್ಕೊಳ್ಳಿ, ಅವತ್ತು ಪೂಜೆಗೆ ಮಾತ್ರ, ನೋಡೋಕೆ ಬರೋರಿಗೆ ಬಾಗಿಲು ಮುಚ್ಚಿರುತ್ತೆ. ಹೊರಗಿನಿಂದ ಮಂಕು ಕಟ್ಟಡ, ಒಳಗೆ ಕಾಲಿಟ್ಟರೆ ಮೇಲೆ ಕೆಳಗೆ ಎಲ್ಲಾ ಚಿನ್ನ. ನೆಲವೆಲ್ಲ ಬಣ್ಣದ ಅಮೃತಶಿಲೆಯ ಸಮಾಧಿಗಳು, ಸುಮಾರು ನಾನೂರು. ಚಾವಣಿಯ ಚಿತ್ರ ಮತ್ತಿಯಾ ಪ್ರೆತಿ ಬಿಡಿಸಿದ್ದು. ಅದನ್ನ ಕೂತು ತಲೆ ಹಿಂದಕ್ಕೆ ಹಾಕಿ ನೋಡೋದೇ ಸರಿಯಾದ ಕ್ರಮ, ನಿಂತು ನೋಡಿದವರೆಲ್ಲ ಕತ್ತು ಉಜ್ಜಿಕೊಳ್ತಾ ಹೊರಗೆ ಬರ್ತಾರೆ. ಪಕ್ಕದ ಪ್ರಾರ್ಥನಾ ಮಂದಿರದಲ್ಲಿ ಕರವಾಜ್ಜೋ 1608ರಲ್ಲಿ ಬರೆದ ಸಂತ ಜಾನನ ಶಿರಚ್ಛೇದದ ಚಿತ್ರ, ಗೋಡೆಯಷ್ಟಿದೆ. ಆತ ಸಹಿ ಹಾಕಿದ ಚಿತ್ರ ಇದೊಂದೇ. ಸಹಿ ಎಲ್ಲಿದೆ ಗೊತ್ತಾ, ಕತ್ತಿನಿಂದ ಹರಿದ ರಕ್ತದಲ್ಲಿ. ಅದೇ ವರ್ಷ ಆತನನ್ನ ನೈಟ್ ಮಾಡಿದ್ದರು. ವರ್ಷ ಮುಗಿಯೋದರೊಳಗೆ ಹೊಡೆದಾಟದ ತಪ್ಪಿಗೆ ಪದವಿ ಕಿತ್ತುಕೊಂಡರು, ಅದೂ ಈ ಚಿತ್ರ ಇರೋ ಕೋಣೆಯಲ್ಲೇ, ಆತನಿಲ್ಲದಾಗ. ಅಪ್ಪನಿಗೆ ಈ ಕಥೆ ಹೇಳಿ, ಕ್ಯಾಥೆಡ್ರಲ್ಲಿಗೂ ಬರ್ತಾರೆ.

ಕೊನೇದಾಗಿ ಗಡಿಯಾರ. ಗ್ರೀಸಿನ ಹೊತ್ತು ಮಾಲ್ಟಾಗಿಂತ ಒಂದು ಗಂಟೆ ಮುಂದೆ. ನಮ್ಮ ಹಡಗು ಅಲ್ಲಿಂದ ಬಂದು ಗ್ರೀಸಿನ ಹೊತ್ತನ್ನೇ ಇಟ್ಕೊಂಡಿತ್ತು, ನನ್ನ ಫೋನು ಜಾಣತನ ತೋರಿಸಿ ಮಾಲ್ಟಾ ಹೊತ್ತಿಗೆ ಬದಲಾಯಿಸಿತ್ತು. ಇನ್ನೂ ಒಂದು ಗಂಟೆ ಇದೆ ಅಂತ ಐಸ್‌ಕ್ರೀಂ ತಿಂತಾ ಕೂತಿದ್ವಿ. ತಂಗಿ ಸುಮ್ಮನೆ ಕೈಗಡಿಯಾರ ನೋಡಿದ್ದಕ್ಕೆ ಬಚಾವ್. ಓಡೋ ಕಾಲಿಲ್ಲದವರು ಹಡಗಿನ ಹೊತ್ತನ್ನ ಕೈಗೆ ಕಟ್ಟಿಕೊಂಡೇ ಇಳಿಯಬೇಕು.

ದಡದಂಚು:

ಎರಡು ಮಾತು ಸೇರಿಸ್ತೀನಿ.

ಒಂದು, ಹಡಗು ಎಲ್ಲಿ ಕಟ್ಟುತ್ತೆ ಅಂತ ಮೊದಲೇ ವಿಚಾರಿಸಿ. ಹೆಚ್ಚಿನವು ವಲೆಟ್ಟಾ ಕಡೆಯ ಪಿಂಟೋ ವಾರ್ಫಿಗೆ ಬರ್ತವೆ. ಕೆಲವೊಮ್ಮೆ ಎದುರು ದಡದ ಬಾಯ್ಲರ್ ವಾರ್ಫಿಗೆ, ಅಂದರೆ ಸೆಂಗ್ಲಿಯಾ ಕಡೆಗೆ ಹಾಕ್ತಾರೆ. ಹಾಗಾದರೆ ಟ್ಯಾಕ್ಸಿ ಬಂದರನ್ನ ಸುತ್ತಿ ಬರಬೇಕು.

ಎರಡು, ಯುರೋಪಿನ ಬಂದರಿನಲ್ಲಿ ಕ್ರೂಸ್ ಹತ್ತೋರಿಗೆ ಯುರೋಪಿಯನ್ ಒಕ್ಕೂಟದ 1177/2010 ಅನ್ನೋ ನಿಯಮ ಅನ್ವಯಿಸುತ್ತೆ. ನಡೆಯೋಕೆ ಕಷ್ಟ ಇರೋರಿಗೆ ಬಂದರಿನಲ್ಲಿ, ಹತ್ತುವಾಗ ಇಳಿಯುವಾಗ ಪುಕ್ಕಟೆ ನೆರವು ಕೊಡಬೇಕು. ಕನಿಷ್ಠ 48 ಗಂಟೆ ಮುಂಚೆ ತಿಳಿಸಿರಬೇಕು. ಬಾಯಿಮಾತಲ್ಲಿ ಹೇಳಬೇಡಿ, ಇಮೇಲ್ ಮಾಡಿ, ಉತ್ತರ ಇಟ್ಕೊಳ್ಳಿ.

ಊರೊಳಗೆ ಬೇಡ ಅನಿಸಿದರೆ ಮಾರ್ಸಶ್ಲೋಕ್‌ಗೆ ಟ್ಯಾಕ್ಸಿ ಮಾಡಿ. ಮೀನುಗಾರರ ಹಳ್ಳಿ, ನೀರಿನಂಚು ಪೂರಾ ಸಮನೆಲ, ಮೂತಿಗೆ ಕಣ್ಣು ಬರೆದ ಬಣ್ಣದ ದೋಣಿಗಳು. ಹೈಪೋಜಿಯಂ ಅನ್ನೋ ನೆಲದೊಳಗಿನ ಸಮಾಧಿ ಬಗ್ಗೆ ಯಾರಾದರೂ ಆಸೆ ಹುಟ್ಟಿಸಿದರೆ ಬಿಟ್ಟುಬಿಡಿ, ಪೂರಾ ಮೆಟ್ಟಿಲು, ಗಂಟೆಗೆ ಹತ್ತೇ ಜನ, ಟಿಕೆಟ್ ಎಷ್ಟೋ ವಾರ ಮೊದಲೇ ಮುಗಿದಿರುತ್ತೆ.

ಹಾಯಿಪಟ:

ಊರುಗೋಲಕ್ಕ, ತಪ್ಪಾಯ್ತು. ನನ್ನ ಹತ್ತು ನಿಮಿಷ ವಾಪಸ್ ತಗೊಂಡೆ. ದ್‌ಘೈಸಾನೂ ವಾಪಸ್, ಈಗ ನೆನಪಾಯ್ತು, ಒದ್ದೆ ಮೆಟ್ಟಿಲು ಇಳಿದು ಅಲ್ಲಾಡ್ತಿರೋ ದೋಣಿಗೆ ಕಾಲು ಚಾಚಬೇಕು. ಕುದುರೆ ಗಾಡಿ ಆದರೂ ಆಗಬಹುದಾ?

ಊರುಗೋಲಕ್ಕ:

ಅದರ ಕಾಲುಮೆಟ್ಟು ಎಲ್ಲಿದೆ ನೋಡಿದ್ದೀರಾ? ನನ್ನ ಕಾಲು ಅಲ್ಲಿಗೆ ಏರಬೇಕಾದರೆ ಕುದುರೆ ಬಗ್ಗಬೇಕು.

ಅಪ್ಪನಮಗಳು:

ಹೋಗಿ ಬಂದ್ವಿ! ವರದಿ ಒಪ್ಪಿಸೋಕೆ ತಡ ಆಯ್ತು.

ಬೆಳಗ್ಗೆ ಆರೂವರೆಗೆ ಎಬ್ಬಿಸೋಕೆ ಹೋದರೆ ಅಪ್ಪ ಐದೂವರೆಗೇ ಎದ್ದು ಶೂ ಹಾಕ್ಕೊಂಡು ಕೂತಿದ್ದರು. ಬಲಗಡೆ ಡೆಕ್, ಕುರ್ಚಿ, ಎಲ್ಲಾ ನೀವು ಹೇಳಿದ ಹಾಗೇ. ಎಲ್ಮೋ ಕಂಡಾಗ ಒಂದು ಮಾತೂ ಆಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ಒಬ್ಬ ಗುರುತಿಲ್ಲದ ಹೆಂಗಸು ಅದು ಯಾವ ಕೋಟೆ ಅಂತ ಕೇಳಿದ್ದೇ ತಪ್ಪಾಯ್ತು, ಹಡಗು ಕಟ್ಟೋವರೆಗೂ ಪಾಠ.

ಟ್ಯಾಕ್ಸಿಯಲ್ಲಿ ಕ್ಯಾಸ್ಟಿಲ್ ಸ್ಕ್ವೇರ್. ಗಾಡಿ ಉಪಾಯ ಫಲಿಸಿತು. ಮೊದಲು ಅನುಮಾನದಿಂದ ನನ್ನ ಮುಖ ನೋಡಿದರು, ಆಮೇಲೆ ಬ್ಯಾಗು ಸರಿಯಾಗಿ ಜೋಡಿಸಿಲ್ಲ ಅಂತ ಬೈದು ತಾವೇ ಜೋಡಿಸಿ ತಳ್ಳಿದರು. ಹನ್ನೊಂದೂಕಾಲಿಗೆ ಕಂಬಿ ಹಿಡಿದ್ವಿ. ತೋಪು ಹಾರಿದಾಗ ಅಮ್ಮ ಕಿರುಚಿದರು, ಅಪ್ಪ ಕಣ್ಣೂ ಮಿಟುಕಿಸಲಿಲ್ಲ. ತೋಪಿನ ಹೊಗೆ ನೀರಿನ ಮೇಲೆ ಹೋಗೋದನ್ನೇ ನೋಡ್ತಾ ಇದ್ದರು.

ಆಮೇಲೆ ಅಲ್ಲಿಂದ ಏಳಲೇ ಇಲ್ಲ. ಕ್ಯಾಥೆಡ್ರಲ್, ಕರವಾಜ್ಜೋ, ರಕ್ತದ ಸಹಿ, ಎಲ್ಲಾ ಹೇಳಿದೆ. "ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ" ಅಂದರು. ಒಬ್ಬರನ್ನೇ ಬಿಟ್ಟು ಹೋಗೋಕೆ ಆಗಲ್ಲ ಅಂತ ನಾನು ಅವರ ಜೊತೆ ಕೂತೆ. ಅಮ್ಮ ಒಬ್ಬರೇ ಹೋಗಿ ಬಂದರು, ಬೀದಿ ತಪ್ಪಲಿಲ್ಲ, ಆದರೆ ಕಾಲು ಊದಿಸಿಕೊಂಡು ಬಂದರು. ಅಪ್ಪ ಆ ಬೆಂಚಿನಲ್ಲಿ ಮೂರು ಗಂಟೆ ಕೂತಿದ್ದರು. ಕೋಲಿನ ತುದಿಯಿಂದ ನೆಲದ ಮೇಲೆ ಗೆರೆ ಎಳೆದು ಯಾವ ಸೈನ್ಯ ಎಲ್ಲಿತ್ತು ಅಂತ ನನಗೆ ತೋರಿಸಿದರು. ಹೈಸ್ಕೂಲಲ್ಲಿ ನಾನು ಅವರ ಕ್ಲಾಸಿನಲ್ಲಿ ಕೂತಿರಲಿಲ್ಲ, ಸೆಕ್ಷನ್ ಬೇರೆ ಇತ್ತು.

ಮೂರೂವರೆಗೆ ಟ್ಯಾಕ್ಸಿ ಹಿಡಿಯೋಕೆ ನಾನು ಮುಂದೆ ಹೋದೆ. ತಿರುಗಿ ನೋಡಿದರೆ ಗಾಡಿಯಲ್ಲಿ ಅಮ್ಮ ಕೂತಿದ್ದಾರೆ, ತೊಡೆ ಮೇಲೆ ಬ್ಯಾಗು, ಅಪ್ಪ ತಳ್ಳಿಕೊಂಡು ಬರ್ತಿದ್ದಾರೆ.

ಊರುಗೋಲಕ್ಕ:

ಸಮನೆಲದಲ್ಲಿ ತಾನೇ? ಅಮ್ಮನ ಭಾರಕ್ಕೆ ಗಾಡಿ ಮಗುಚಲ್ಲ, ಅದು ಒಳ್ಳೇದು. ನಿಂತಾಗ ಎರಡೂ ಚಕ್ರಕ್ಕೆ ಬ್ರೇಕ್ ಹಾಕೋದನ್ನ ಅಪ್ಪನಿಗೆ ಕಲಿಸಿ. ಕೋಲಿನ ರಬ್ಬರೂ ಒಮ್ಮೆ ತಿರುಗಿಸಿ ನೋಡಿ, ಅಷ್ಟು ಗೆರೆ ಎಳೆದ ಮೇಲೆ ಏನು ಉಳಿದಿದೆಯೋ.